ಗಂಗರಾಜ ದಂಡನಾಯಕ

ಗಂಗರಾಜ (ಮರಣ 1133) ಹೊಯ್ಸಳ ದೊರೆ ವಿಷ್ಣುವರ್ಧನನ ಮಹಾಪ್ರಧಾನನೂ ದಂಡನಾಯಕನೂ ಆಗಿದ್ದವನು. ಒಂದು ಶತಮಾನಕ್ಕೂ ಮಿಗಿಲಾಗಿ ಚೋಳರ ವಶದಲ್ಲಿದ್ದ ತಲಕಾಡನ್ನು ಗೆದ್ದುಕೊಟ್ಟ ಈ ಸೇನಾನಿ, ಶ್ರವಣಬೆಳಗೊಳದಲ್ಲಿ ಬಸದಿಗಳನ್ನೂ ಗೊಮ್ಮಟನ ಸುತ್ತಾಲಯವನ್ನೂ ಕಟ್ಟಿಸಿದ ಜೈನ ಶ್ರಾವಕ. ಸನ್ಯಾಸಕ್ಕೆ ಹೋಗದೆ, ಹೆಂಡತಿ ಮಕ್ಕಳೊಡನೆ ಬಾಳುತ್ತಲೇ ಅಣುವ್ರತಗಳನ್ನು ಪಾಲಿಸುವ ಗೃಹಸ್ಥನನ್ನು ಜೈನರು ಶ್ರಾವಕ ಎನ್ನುತ್ತಾರೆ. ಗಂಗರಾಜನ ಬದುಕಿನ ವಿವರಗಳು ನಮಗೆ ದೊರೆಯುವುದು ಶಾಸನಗಳಿಂದ. ಅವುಗಳಲ್ಲಿ ಮುಖ್ಯವಾದವು ಅವನ ಮನೆಯವರು ಒಬ್ಬರ ನೆನಪಿಗಾಗಿ ಇನ್ನೊಬ್ಬರು ನಿಲ್ಲಿಸಿದ ಕಲ್ಲುಗಳಾದುದರಿಂದ, ಯುದ್ಧದ ವೃತ್ತಾಂತವೂ ಮನೆಯ ವೃತ್ತಾಂತವೂ ಅವುಗಳಲ್ಲಿ ಬೇರ್ಪಡದೆ ಹೆಣೆದುಕೊಂಡಿವೆ.

ಮನೆತನ

ಗಂಗರಾಜನ ಮನೆತನ ಕೌಂಡಿನ್ಯ ಗೋತ್ರದ್ದು. ತಂದೆ ಏಚಿರಾಜನಿಗೆ ಬುಧಮಿತ್ರ, ಅಂದರೆ ವಿದ್ವಾಂಸರ ಗೆಳೆಯ, ಎಂಬ ಬಿರುದಿತ್ತು. ತಾಯಿ ಪೋಚಿಕಬ್ಬೆಯನ್ನು ಶಾಸನಗಳು ಪೋಚವ್ವೆ, ಪೋಚಲದೇವಿ ಎಂದೂ ಕರೆಯುತ್ತವೆ. ಬಮ್ಮ ಅವನ ಅಣ್ಣ, ಲಕ್ಷ್ಮೀಮತಿ ಅಥವಾ ಲಕ್ಕಲೆ ಅವನ ಹೆಂಡತಿ, ಬೊಪ್ಪ ಮಗ. ಈ ಮನೆಯವರು ಗುರುವೆಂದು ನಂಬಿದ್ದು ಮೂಲಸಂಘ, ದೇಶೀಗಣ, ಪುಸ್ತಕಗಚ್ಛಕ್ಕೆ ಸೇರಿದ ಶುಭಚಂದ್ರ ಸಿದ್ಧಾಂತದೇವನನ್ನು. ಸಂಘ, ಗಣ, ಗಚ್ಛಗಳೆಂಬವು ಜೈನ ಮುನಿಗಳ ಗುರುಪರಂಪರೆಯ ಕವಲುಗಳು. ಲಕ್ಕಲೆ ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಿಗೆ ಹೆಸರಾದವಳು. ಅವಳನ್ನು ಹೊಗಳುವ ಶಾಸನಕಾರರು ಗಂಡನ ಪಾಲಿಗೆ ಅವಳು ರಾಜಕಾರ್ಯದಲ್ಲಿ ನೀತಿಲಕ್ಷ್ಮಿಯೂ ರಣದಲ್ಲಿ ಜಯಲಕ್ಷ್ಮಿಯೂ ಆಗಿದ್ದಳೆಂದು ಹೇಳಿರುವುದರಿಂದ, ಆ ಮನೆಯಲ್ಲಿ ಅವಳಿಗಿದ್ದ ಸ್ಥಾನ ಎಂಥದೆಂಬುದು ತಿಳಿಯುತ್ತದೆ.

ಸೇನಾನಿಯಾಗಿ

ಗಂಗರ ರಾಜಧಾನಿಯಾಗಿದ್ದ ತಲಕಾಡು 1004ರ ಸುಮಾರಿಗೆ ಚೋಳರ ಕೈಸೇರಿತ್ತು. ವಿಷ್ಣುವರ್ಧನನ ಕಾಲದಲ್ಲಿ ಅಲ್ಲಿನ ಗಡಿಯನ್ನು ಕಾಯುತ್ತಿದ್ದ ಚೋಳ ಸಾಮಂತ ಅದಿಯಮ, ನಾಡನ್ನು ಬಿಟ್ಟುಕೊಡುವುದಿಲ್ಲ, ಬೇಕಿದ್ದರೆ ಕಾದಿ ಕೊಳ್ಳಿರಿ ಎಂದು ಉತ್ತರ ಕೊಟ್ಟನೆಂದೂ, ಗಂಗರಾಜ ಅವನ ಮೇಲೆ ದಂಡೆತ್ತಿ ಹೋಗಿ ಅವನ ಪಡೆಯನ್ನು ಮುರಿದನೆಂದೂ ಶಾಸನಗಳು ತಿಳಿಸುತ್ತವೆ. 1116ರ ಸುಮಾರಿನ ಈ ಗೆಲುವಿನಿಂದ ವಿಷ್ಣುವರ್ಧನನಿಗೆ ತಲಕಾಡುಗೊಂಡ ಎಂಬ ಬಿರುದು ಬಂದಿತು. ದೊರೆ 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠೆ ಮಾಡಿಸಿದರೆ, ಹೆಚ್ಚುಕಡಿಮೆ ಅದೇ ಕಾಲದಲ್ಲಿ ದಂಡನಾಯಕ ಬೆಳಗೊಳದಲ್ಲಿ ಗೊಮ್ಮಟನ ಸುತ್ತ ಆಲಯ ಕಟ್ಟಿಸಿದ.

ಇದರ ಬೆನ್ನಿಗೇ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಸೇನೆ ಹನ್ನೆರಡು ಮಂದಿ ಸಾಮಂತರೊಡನೆ ಬಂದು ಕಣ್ಣೆಗಾಲದಲ್ಲಿ ಬೀಡುಬಿಟ್ಟಿತು. ಗಂಗರಾಜ ಇರುಳಿನಲ್ಲಿ ಆ ಬೀಡಿನ ಮೇಲೆರಗಿ ಸೇನೆಯನ್ನು ಚದುರಿಸಿ, ಅವರ ವಸ್ತು ವಾಹನಗಳನ್ನೆಲ್ಲ ತಂದು ತನ್ನ ಒಡೆಯನಿಗೊಪ್ಪಿಸಿದ. ಈ ಸೇವೆಗಳಿಂದ ಅವನಿಗೆ ನಿಂತ ಬಿರುದುಗಳಲ್ಲಿ ಮುಖ್ಯವಾದುದು ದ್ರೋಹಘರಟ್ಟ. ಘರಟ್ಟವೆಂದರೆ ಬೀಸುವ ಕಲ್ಲು. ಸ್ವಾಮಿದ್ರೋಹಿಗಳನ್ನು ಕಾಳಿನಂತೆ ಅರೆದುಹಾಕುವವನು ಎಂಬುದು ಇದರ ತಾತ್ಪರ್ಯ.

ಬೇಡಿದ ವರ

ಗೆದ್ದು ಬಂದ ಸೇನಾನಿಗೆ ಮೆಚ್ಚಿದ್ದನ್ನು ಬೇಡು ಎಂದು ದೊರೆ ಹೇಳುವುದು ಅಂದಿನ ರೂಢಿ. ಹಾಗೆ ಕೇಳಿದಾಗ ಗಂಗರಾಜ ಒಮ್ಮೆ ಗೋವಿಂದವಾಡಿಯನ್ನು ಬೇಡಿ ಪಡೆದು ಅದನ್ನು ಗೊಮ್ಮಟೇಶ್ವರನ ಪೂಜೆಗೆ ಬಿಟ್ಟ. ಇನ್ನೊಮ್ಮೆ, ಕಣ್ಣೆಗಾಲದ ಗೆಲುವಿನ ತರುವಾಯ, ಪರಮ ಎಂಬ ಗ್ರಾಮವನ್ನು ಬೇಡಿ, ಅದನ್ನು ತಾಯಿ ಪೋಚಲದೇವಿಯೂ ಹೆಂಡತಿ ಲಕ್ಷ್ಮೀದೇವಿಯೂ ಮಾಡಿಸಿದ ಜಿನಾಲಯಗಳಿಗೆ ದತ್ತಿಯಾಗಿ ಕೊಟ್ಟ. ಯುದ್ಧದ ಫಲವನ್ನು ತನ್ನ ಹೆಸರಿಗೆ ಉಳಿಸಿಕೊಳ್ಳದೆ ದೇವರಿಗೂ ಮನೆಯ ಹೆಂಗಸರ ಧರ್ಮಕಾರ್ಯಕ್ಕೂ ಮುಡಿಪು ಮಾಡಿದ ಈ ಎರಡು ದಾನಗಳಷ್ಟು ಸ್ಪಷ್ಟವಾಗಿ ಅವನ ಸ್ವಭಾವವನ್ನು ಯಾವ ಬಿರುದೂ ತಿಳಿಸುವುದಿಲ್ಲ.

ಶ್ರವಣಬೆಳಗೊಳದ ಚಂದ್ರಗಿರಿ ಅಥವಾ ಚಿಕ್ಕಬೆಟ್ಟದ ಮೇಲೆ ಈ ಮನೆತನದ ಬಸದಿಗಳು ಇಂದಿಗೂ ನಿಂತಿವೆ. ತಾಯಿಗಾಗಿ ಗಂಗರಾಜ ಕಟ್ಟಿಸಿದ ಆದಿನಾಥ ಬಸದಿ, ಒಳಗೆ ಬೆಳಕು ಕಡಿಮೆಯಾದ್ದರಿಂದ ಕತ್ತಲೆ ಬಸದಿಯೆಂದೇ ಹೆಸರಾಗಿದ್ದು, ಗರ್ಭಗೃಹದ ಸುತ್ತ ಪ್ರದಕ್ಷಿಣಾಪಥವನ್ನು ಹೊಂದಿದೆ. ಲಕ್ಕಲೆ ಮಾಡಿಸಿದ ಬಸದಿಗೆ ಎರಡು ಕಡೆಯಿಂದ ಮೆಟ್ಟಿಲುಗಳಿರುವುದರಿಂದ ಎರಡುಕಟ್ಟೆ ಬಸದಿ ಎಂಬ ಹೆಸರು ಬಂದಿದೆ. ಗಂಗರಾಜನದೇ ಆದ ಇನ್ನೊಂದು ಬಸದಿಯ ಬಾಗಿಲ ಬಳಿ ದೊಡ್ಡ ಶಾಸನವಿರುವುದರಿಂದ ಜನ ಅದನ್ನು ಶಾಸನ ಬಸದಿ ಎನ್ನುತ್ತಾರೆ. ಶಾಸನದಲ್ಲಿ ಅದರ ಹೆಸರು ಇಂದಿರಾಕುಲಗೃಹ. ಬೆಳಗೊಳದ ಉತ್ತರಕ್ಕಿರುವ ಜಿನನಾಥಪುರವನ್ನು ಕಟ್ಟಿಸಿದವನೂ ಅವನೇ. ಗಂಗವಾಡಿ ತೊಂಬತ್ತಾರು ಸಾಸಿರದ ಜೀರ್ಣ ಬಸದಿಗಳನ್ನೆಲ್ಲ ಉದ್ಧಾರ ಮಾಡಿ ಆ ನಾಡನ್ನು ಕೊಪಣದಂತೆ ಬೆಳಗಿಸಿದನೆಂದು ಶಾಸನಗಳು ಅವನನ್ನು ಕೊಂಡಾಡುತ್ತವೆ; ಕೊಪಣವೆಂದರೆ ಜೈನರ ಮಹಾತೀರ್ಥವಾಗಿದ್ದ ಇಂದಿನ ಕೊಪ್ಪಳ.

ವಿಂಧ್ಯಗಿರಿಯ ಗೊಮ್ಮಟನ ಕಾಲ ಬಳಿ, ಎರಡು ಪಕ್ಕದಲ್ಲಿ ಕಡೆದಿರುವ ಹುತ್ತಗಳ ಬದಿಯಲ್ಲಿ, ಮೂರ್ತಿಯನ್ನು ಮಾಡಿಸಿದವನು ಚಾವುಂಡರಾಯನೆಂದೂ ಸುತ್ತಾಲಯವನ್ನು ಮಾಡಿಸಿದವನು ಗಂಗರಾಜನೆಂದೂ ತಿಳಿಸುವ ಕಿರುಬರಹಗಳಿವೆ. ಇವು ಕನ್ನಡದಲ್ಲಿ ಮಾತ್ರವಲ್ಲದೆ ಮರಾಠಿಯಲ್ಲಿಯೂ ಇದ್ದು, ಮರಾಠಿ ಭಾಷೆಯ ಹಳೆಯ ಬರಹಗಳಲ್ಲಿ ಎಣಿಕೆಯಾಗುತ್ತವೆ. ಬಿರುದು ಬಾವಲಿಗಳಾವುವೂ ಇಲ್ಲದೆ, ಮಾಡಿಸಿದವನ ಹೆಸರು ಮತ್ತು ಮಾಡಿಸಿದ ಕೆಲಸ ಇವೆರಡನ್ನು ಮಾತ್ರ ಹೇಳಿ ಮುಗಿಯುವ ಆ ಸಾಲು, ಮೂರ್ತಿಯ ಪಾದದ ಮಟ್ಟದಲ್ಲಿ ಬಾಗಿ ನೋಡಿದವರ ಕಣ್ಣಿಗೆ ಬೀಳುತ್ತದೆ.

ನಿಷಿಧಿಗಳು

ರಣದಲ್ಲಿ ಮಡಿದವನಿಗೆ ವೀರಗಲ್ಲು ನಿಲ್ಲಿಸುವಂತೆ, ಸಲ್ಲೇಖನದಿಂದ ದೇಹ ಬಿಟ್ಟವರಿಗೆ ನಿಷಿಧಿ ನಿಲ್ಲಿಸುವುದು ಜೈನರ ಪದ್ಧತಿ. ಮುಪ್ಪು ಅಥವಾ ವಾಸಿಯಾಗದ ರೋಗ ಬಂದಾಗ ಗುರುವಿನ ಅನುಮತಿ ಪಡೆದು, ಆಹಾರವನ್ನು ಕ್ರಮವಾಗಿ ತ್ಯಜಿಸುತ್ತ, ಶಾಂತಚಿತ್ತದಿಂದ ಮರಣವನ್ನು ಎದುರುಗೊಳ್ಳುವ ವ್ರತವೇ ಸಲ್ಲೇಖನ. ಅಗಲಿದವರಿಗಾಗಿ ಉಳಿದವರು ಮಾಡಿಸುವ ಇಂಥ ಕೆಲಸಕ್ಕೆ ಶಾಸನಗಳಲ್ಲಿ ಪರೋಕ್ಷವಿನಯ ಎಂಬ ಹೆಸರಿದೆ. ಕಣ್ಣಿಗೆ ಮರೆಯಾದವರಿಗೆ ಸಲ್ಲಿಸುವ ಗೌರವ ಎಂದು ಅದರ ಅರ್ಥ.

ಗಂಗರಾಜನ ನಡುವಯಸ್ಸಿನ ವರ್ಷಗಳು ಇಂಥ ಅಗಲಿಕೆಗಳಿಂದ ತುಂಬಿವೆ. 1115ರಲ್ಲಿ ಜೈನ ಮುನಿ ಮೇಘಚಂದ್ರ ತ್ರೈವಿದ್ಯದೇವ ತೀರಿಕೊಂಡಾಗ ಲಕ್ಕಲೆ ನಿಷಿಧಿ ಮಾಡಿಸಿದಳು. ಅವಳ ತಂಗಿ ದೇಮತಿ ಸಲ್ಲೇಖನದಿಂದ ಮುಡಿಪಿದಾಗಲೂ ಅವಳೇ ಸ್ಮಾರಕ ನಿಲ್ಲಿಸಿದಳು. 1120ರ ಆಸುಪಾಸಿನಲ್ಲಿ ತಾಯಿ ಪೋಚಿಕಬ್ಬೆಯೂ, ಹೆಚ್ಚು ಕಾಲ ಕಳೆಯುವ ಮೊದಲೇ ಲಕ್ಕಲೆಯೂ ಅದೇ ವ್ರತದಿಂದ ದೇಹ ಬಿಟ್ಟರು. ಇಬ್ಬರಿಗೂ ಗಂಗರಾಜ ಚಂದ್ರಗಿರಿಯಲ್ಲಿ ನಿಷಿಧಿಗಳನ್ನು ಮಾಡಿಸಿದ. 1123ರಲ್ಲಿ ಗುರು ಶುಭಚಂದ್ರನೂ ಅಗಲಿದಾಗ ಅವನ ನಿಷಿಧಿಯೂ ಇದೇ ಶಿಷ್ಯನ ಕೈಯಿಂದಲೇ ಆಯಿತು. ಬೇರೆಯವರಿಗೆ ನಿಷಿಧಿ ನಿಲ್ಲಿಸಿದ ಹೆಂಡತಿಗೆ ತಾನೇ ನಿಷಿಧಿ ನಿಲ್ಲಿಸಬೇಕಾಗಿ ಬಂದ ಗೃಹಸ್ಥನ ಅಳಲನ್ನು ಆ ಶಾಸನಗಳು ಬಾಯಿಬಿಟ್ಟು ಹೇಳುವುದಿಲ್ಲ. ಅಗಲಿದವರ ಗುಣಗಳನ್ನೂ ಅವರ ವ್ರತನಿಷ್ಠೆಯನ್ನೂ ಹೇಳಿ ನಿಲ್ಲುತ್ತವೆ. ಸತ್ತವರನ್ನು ಅವರ ನಡತೆಯಿಂದ ನೆನೆಯಬೇಕೆಂಬ ಈ ಸಂಯಮವೇ ನಿಷಿಧಿ ಶಾಸನಗಳ ಘನತೆ.

ದ್ರೋಹಘರಟ್ಟ ಜಿನಾಲಯ

ಗಂಗರಾಜ 1133ರಲ್ಲಿ ತೀರಿಕೊಂಡಾಗ ಮಗ ಬೊಪ್ಪ, ತಂದೆಗೆ ಪರೋಕ್ಷವಿನಯವಾಗಿ ರಾಜಧಾನಿ ದೋರಸಮುದ್ರದಲ್ಲಿ, ಅಂದರೆ ಇಂದಿನ ಹಳೇಬೀಡಿನಲ್ಲಿ, ಪಾರ್ಶ್ವನಾಥನ ಜಿನಾಲಯವನ್ನು ಕಟ್ಟಿಸಿ, ತಂದೆಯ ಬಿರುದಿನಿಂದಲೇ ಅದಕ್ಕೆ ದ್ರೋಹಘರಟ್ಟ ಜಿನಾಲಯವೆಂದು ಹೆಸರಿಟ್ಟ. ನಯಕೀರ್ತಿ ಸಿದ್ಧಾಂತ ಚಕ್ರವರ್ತಿಯಿಂದ ಪ್ರತಿಷ್ಠೆಯಾದ ಮೇಲೆ ಅರ್ಚಕರು ಪ್ರಸಾದವನ್ನು ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಬಳಿಗೆ ಒಯ್ದರು. ಮಸಣನೆಂಬ ಹಗೆಯನ್ನು ಗೆದ್ದಿದ್ದ ದೊರೆಗೆ ಅದೇ ಹೊತ್ತಿಗೆ ರಾಣಿ ಲಕ್ಷ್ಮೀದೇವಿಯಲ್ಲಿ ಗಂಡುಮಗುವೂ ಹುಟ್ಟಿತ್ತು. ಗೆಲುವೂ ಮಗನೂ ಈ ದೇವರ ಪ್ರತಿಷ್ಠೆಯಿಂದಲೇ ದೊರೆತವೆಂದು ಭಾವಿಸಿದ ಅವನು ಎದ್ದು ಪ್ರಸಾದವನ್ನು ಸ್ವೀಕರಿಸಿ, ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನರಸಿಂಹನೆಂದೂ ಹೆಸರಿಟ್ಟು, ಜಾವಗಲ್ಲನ್ನು ದತ್ತಿಯಾಗಿ ಬಿಟ್ಟ. ಹೀಗೆ ಒಬ್ಬ ಸೇವಕನ ಸ್ಮಾರಕಕ್ಕೂ ಅವನ ಒಡೆಯನ ಮಗನಿಗೂ ಒಂದೇ ಗೆಲುವಿನ ಹೆಸರು ನಿಂತಿತು.

ಈ ಬಸದಿಯ ಶಾಸನದಲ್ಲಿ ಗಂಗರಾಜನ ನಂಬಿಕೆಯನ್ನು ತಿಳಿಸುವ ಮಾತೊಂದಿದೆ. ಜೈನ ಪುರಾಣಗಳು ಹೇಳುವ ಏಳು ನರಕಗಳಿಗೆ ಅವನು ಕೊಟ್ಟ ಅರ್ಥ ಬೇರೆ: ಸುಳ್ಳಾಡುವುದು, ಕಾಳಗದಲ್ಲಿ ಹೆದರುವುದು, ಪರಸ್ತ್ರೀಯನ್ನು ಬಯಸುವುದು, ಮರೆಹೊಕ್ಕವರನ್ನು ಒಪ್ಪಿಸುವುದು, ಬೇಡಿದವರನ್ನು ತಣಿಸದಿರುವುದು, ಹೊಂದಿದವರ ಕೈಬಿಡುವುದು, ಒಡೆಯನಿಗೆ ದ್ರೋಹವೆಣಿಸುವುದು, ಇವೇ ಏಳು ನರಕಗಳೆಂಬುದು ಅವನ ನಿಲುವಾಗಿತ್ತು. ಸೈನಿಕನ ಧರ್ಮ, ಗೃಹಸ್ಥನ ಧರ್ಮ, ಶ್ರಾವಕನ ಧರ್ಮ ಮೂರೂ ಒಂದೇ ಪಟ್ಟಿಯಲ್ಲಿ ಕೂಡಿರುವುದನ್ನು ಇಲ್ಲಿ ಗಮನಿಸಬೇಕು.

ಹಳೇಬೀಡಿನ ಬಸದಿಹಳ್ಳಿಯಲ್ಲಿರುವ ಮೂರು ಬಸದಿಗಳಲ್ಲಿ ಇದು ಒಂದು. ಹೆಡೆಯೆತ್ತಿದ ನಾಗನ ಕೆಳಗೆ ನಿಂತ ಪಾರ್ಶ್ವನಾಥನ ಎತ್ತರದ ವಿಗ್ರಹ ಗರ್ಭಗೃಹದಲ್ಲಿದೆ. ನವರಂಗದ ಕಂಬಗಳು ಬಳಪದ ಕಲ್ಲಿನವು. ತಿರುಗಣೆಗೆ ಕೊಟ್ಟು ಕಡೆದು, ಹಾಗೆಯೇ ಉಜ್ಜಿ ಉಜ್ಜಿ ನಯಮಾಡಿರುವುದರಿಂದ ಎದುರಿಗೆ ನಿಂತವರ ಬಿಂಬ ಅವುಗಳಲ್ಲಿ ಕನ್ನಡಿಯಲ್ಲಿ ಕಂಡಂತೆ ಕಾಣುತ್ತದೆ. ಪಕ್ಕದ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಗಳಲ್ಲಿ ಕಾಣುವ ಶಿಲ್ಪಗಳ ಸಂದಣಿ ಇಲ್ಲಿಲ್ಲ. ಗೋಡೆ ಸರಳ, ಒಳಗು ತಂಪು ಮತ್ತು ನಿಶ್ಶಬ್ದ.

ತರುವಾಯದ ಸ್ಮರಣೆ

ವಿಷ್ಣುವರ್ಧನನ ಮಗ ಒಂದನೆಯ ನರಸಿಂಹನ ಭಂಡಾರಿ ಹುಳ್ಳರಾಜನ ಕಾಲದ, 1159ರ ಶಾಸನ, ಜಿನಧರ್ಮವನ್ನು ಎತ್ತಿಹಿಡಿದವರಲ್ಲಿ ಅಗ್ರಗಣ್ಯರು ಯಾರೆಂದು ಕೇಳಿ, ಗಂಗ ದೊರೆ ರಾಚಮಲ್ಲನ ಮಂತ್ರಿ ಚಾವುಂಡರಾಯ, ವಿಷ್ಣುವರ್ಧನನ ಮಂತ್ರಿ ಗಂಗರಾಜ, ನರಸಿಂಹನ ಮಂತ್ರಿ ಹುಳ್ಳ ಎಂದು ಮೂವರನ್ನು ಹೆಸರಿಸುತ್ತದೆ. ಆಧುನಿಕ ಕಾಲದಲ್ಲಿ ಬಿ. ಎಲ್. ರೈಸ್ 1889ರಲ್ಲಿ ಶ್ರವಣಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದಾಗ ಈ ಮನೆತನದ ವೃತ್ತಾಂತ ವಿದ್ವಾಂಸರ ಗಮನಕ್ಕೆ ಬಂದಿತು; 1923ರಲ್ಲಿ ಆರ್. ನರಸಿಂಹಾಚಾರ್ ಆ ಸಂಖ್ಯೆಯನ್ನು 500ಕ್ಕೆ ಏರಿಸಿದರು, 1973ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 573ಕ್ಕೆ ಏರಿಸಿತು. ತಾಯಿ, ಹೆಂಡತಿ, ಗುರು, ಕೊನೆಗೆ ಆತನೇ, ಹೀಗೆ ಒಂದರ ಬೆನ್ನಿಗೆ ಒಂದಾಗಿ ಎದ್ದ ಸ್ಮಾರಕಗಳನ್ನು ಈ ಸಂಪುಟಗಳಲ್ಲಿ ಕ್ರಮವಾಗಿ ಓದಿದಾಗ, ತನ್ನವರನ್ನು ಮರೆಯದೆ ನೆನೆದ ಗಂಗರಾಜನನ್ನು ಅವನ ಮಗನೂ ಮರೆಯಲಿಲ್ಲವೆಂಬುದು ಮನದಟ್ಟಾಗುತ್ತದೆ.