ರೋಮಕರ ಶ್ವಾನನಾಮಗಳೂ ಆತಕೂರಿನ ಕಾಳಿಯೂ

ಕೃಷ್ಣರಾಜಪುರದ ಗೃಹಸ್ಥನೊಬ್ಬನು ತನ್ನ ಗಂಡುನಾಯಿಮರಿಗೆ ರೋಮಕರ ಹೆಸರನ್ನಿಡಬಯಸಿದರೆ ಸೀಸರ್, ನೀರೋ ಎಂಬ ಚಕ್ರವರ್ತಿಗಳ ನಾಮಗಳೇ ಮೊದಲು ನಾಲಗೆಗೆ ಬರುವುವು. ರೋಮಕರ ಕ್ರಮವು ಬೇರೆ. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿದ್ದ ಕೊಲುಮೆಲ್ಲನು ತನ್ನ ಕೃಷಿಗ್ರಂಥದ ಏಳನೆಯ ಭಾಗದಲ್ಲಿ ಈ ವಿಚಾರವನ್ನೆತ್ತಿರುವನು. ಕರೆದೊಡನೆ ನಾಯಿಯು ಕೇಳುವಂತೆ ಹೆಸರು ದೀರ್ಘವಾಗಿರಬಾರದು. ಎರಡು ಸ್ವರಗಳಿಗಿಂತ ಕಿರಿದೂ ಆಗಬಾರದು. ಗಂಡುನಾಯಿಗೆ ಅವನು ಸೂಚಿಸಿದ ಲತೀನ ನಾಮಗಳು ಎರಡು: ಉಗ್ರನೆಂಬರ್ಥದ ‘ಫೆರೋಕ್ಸ್’, ವೇಗಶಾಲಿಯೆಂಬರ್ಥದ ‘ಕೆಲೆರ್’. ಗ್ರೀಕರಿಂದ ‘ಸ್ಕೈಲಾಕ್ಸ್’, ‘ಲಾಕೋನ್’ ಎಂಬುವನ್ನೂ ತೆಗೆದುಕೊಂಡಿರುವನು. ಅರಸರ ಹೆಸರು ಇವುಗಳಲ್ಲೊಂದೂ ಇಲ್ಲ. ಗುಣವನ್ನು ನೋಡಿ ಹೆಸರಿಡುವುದೇ ಲೇಸಲ್ಲವೆ?

ಆದರೆ ಇವು ಮಾದರಿಯ ಹೆಸರುಗಳು. ಇವನ್ನು ಹೊತ್ತು ಓಡಿದ ನಾಯಿ ಯಾವುದೆಂದು ಕೊಲುಮೆಲ್ಲನು ಹೇಳುವುದಿಲ್ಲ. ಕನ್ನಡನಾಡಿನಲ್ಲಿ ಹಾಗಲ್ಲ. ಕೃಷ್ಣರಾಜಪುರದಿಂದ ಪಡುವಲಿಗೆ ಹೋದರೆ, ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರಕಾರಿ ವಸ್ತುಸಂಗ್ರಹಾಲಯದಲ್ಲಿ, ಮದ್ದೂರು ಸೀಮೆಯ ಆತಕೂರಿನಿಂದ ತಂದ ಶಿಲೆಯೊಂದಿದೆ. ಅದರ ಕಾಲ ಶಕ 872, ಎಂದರೆ ಕ್ರಿಸ್ತಶಕ 949–50. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನು ಮಡಿದ ವಾರ್ತೆಯನ್ನು ಹೊತ್ತ ಆ ಶಿಲೆಯೇ ಒಂದು ಬೇಟೆನಾಯಿಯ ವೃತ್ತಾಂತವನ್ನೂ ಹೇಳುವುದು. ಗಂಗ ಬೂತುಗನು ತನ್ನ ವೀರ ಮಣಲೇರನಿಗೆ ಮೆಚ್ಚಿ ‘ಬೇಡು’ ಎಂದಾಗ ಅವನು ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿಯೆಂಬ ನಾಯಿಯನ್ನು! ಎರಡೇ ಅಕ್ಷರದ ಹೆಸರು, ಕೊಲುಮೆಲ್ಲನೂ ಒಪ್ಪುತ್ತಿದ್ದನು. ಮುಂದೆ ಬೆಳತೂರಿನ ಪಡುವಣ ಮೊರಡಿಯಲ್ಲಿ ಹಿರಿಯ ಹಂದಿಯ ಮೇಲೆ ಬಿಡಲು, ನಾಯಿಯೂ ಹಂದಿಯೂ ಒಟ್ಟಿಗೆ ಸತ್ತುವು. ಚೆಲ್ಲೇಶ್ವರದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟರು. ಬರಹದೊಡನೆ ಶಿಲೆಯಲ್ಲಿ ಅವೆರಡೂ ಕಾದುವ ಚಿತ್ರವನ್ನು ಇಂದಿಗೂ ಕಾಣಬಹುದು.