ಜಲದುರ್ಗದ ಕೊರಕಲು

ನಮ್ಮ ರಾಯಚೂರು, ಮಾನ್ವಿ, ದೇವದುರ್ಗದ ಎಷ್ಟೋ ಮನೆಗಳಲ್ಲಿ ನೆಲಕ್ಕೆ ಹಾಸಿರುವುದು ಶಹಾಬಾದ್ ಕಲ್ಲು. ಅದು ಸುಣ್ಣಕಲ್ಲು, ನಿಂಬೆಹುಳಿ ಚೆಲ್ಲಿದರೆ ಕಲೆ ಉಳಿಯುವುದನ್ನು ನಾವೆಲ್ಲ ಬಲ್ಲೆವು. ಕಾಗಿಣಾ ಹೊಳೆಗೆ ಸಿಕ್ಕಿದ್ದು ಆ ಮೆತ್ತನೆಯ ಕಲ್ಲು. ನಮ್ಮ ಕೃಷ್ಣೆಗೆ ಎದುರಾದದ್ದು ಗ್ರಾನೈಟ್. ಕರಗದ ಬಂಡೆಯಲ್ಲಿ ಬಿರುಕು ಹುಡುಕಿ, ಮರಳಿನಿಂದ ಉಜ್ಜಿ ಉಜ್ಜಿ ಆಕೆ ದಾರಿ ಮಾಡಿಕೊಂಡಳು. ಅದನ್ನು ಕಾಣಬೇಕೆಂದರೆ ಲಿಂಗಸುಗೂರು ತಾಲ್ಲೂಕಿನ ಜಲದುರ್ಗಕ್ಕೆ ಹೋಗಬೇಕು.

ಅಲ್ಲಿ ಹೊಳೆ ಎರಡಾಗಿ ಸೀಳಿ ನಡುಗಡ್ಡೆಯನ್ನು ಬಳಸಿಕೊಂಡಿದೆ. ಅದರ ಮೇಲೆಯೇ ಹಳೆಯ ಕೋಟೆ. ನಾನು ಅಂಚಿಗೆ ಹೋಗಿ ಬಗ್ಗಿದಾಗ ನೆಗೆಣ್ಣಿ ಸೆರಗು ಹಿಡಿದು, "ಸಾಕ್ರೀ ಅಕ್ಕಾ, ಹಿಂದಕ ಬರ್ರಿ" ಎಂದಳು. ಇಂಥ ಜಾಗದಲ್ಲಿ ಕೋಟೆಗೆ ಬೇರೆ ಕಂದಕವೇಕೆ?

ಕೃಷ್ಣೆ, ತುಂಗಭದ್ರೆಯರ ನಡುವಿನ ಈ ನೆಲಕ್ಕಾಗಿ ಬಹಮನಿಯವರೂ ವಿಜಯನಗರದವರೂ, ಮುಂದೆ ಬಿಜಾಪುರದವರೂ ಮತ್ತೆ ಮತ್ತೆ ಕಾದಾಡಿದರು. 1520ರಲ್ಲಿ ಕೃಷ್ಣೆಯನ್ನು ದಾಟಿ ಬಂದ ಇಸ್ಮಾಯಿಲ್ ಆದಿಲ್‌ಶಹನ ದಂಡು ಕೃಷ್ಣದೇವರಾಯನಿಗೆ ಸೋತಿತು. ಬೆನ್ನ ಹಿಂದೆ ಹೊಳೆ. ಓಡಿದವರಲ್ಲಿ ಎಷ್ಟೋ ಮಂದಿ ನೀರುಪಾಲಾದರು.

ನನ್ನ ಮನಸ್ಸಿನಲ್ಲಿ ನಿಂತದ್ದು ಅದಕ್ಕೂ ಹಿಂದಿನ, 1406ರ ಕಥೆ. ಎರಡು ಶತಮಾನದ ಬಳಿಕ ಬಿಜಾಪುರದಲ್ಲಿ ಕುಳಿತು ಫಿರಿಶ್ತಾ ಅದನ್ನು ಬರೆದಿಟ್ಟ. ಮುದಗಲ್ಲಿನ ಅಕ್ಕಸಾಲಿಗನ ಮಗಳ ಚೆಲುವನ್ನು ಕೇಳಿ ಒಂದನೆಯ ದೇವರಾಯ ಒಡವೆ ಕಳಿಸಿದನಂತೆ. ತಂದೆತಾಯಿ ಹಿಗ್ಗಿದರು. ಹುಡುಗಿ ಒಲ್ಲೆ ಎಂದಳು: ಅರಮನೆ ಹೊಕ್ಕ ಹೆಣ್ಣಿಗೆ ಹೆತ್ತವರ ಮುಖ ಮತ್ತೆ ಕಾಣಸಿಗದು. ಅರಸ ದಂಡು ಕಳಿಸಿದ; ಅವಳ ಮನೆಯವರು ಅಷ್ಟರಲ್ಲಿ ಊರು ಬಿಟ್ಟಿದ್ದರು. ಬಹಮನಿ ಸುಲ್ತಾನ ಫಿರೋಜ್‌ಶಹ ಅದನ್ನೇ ನೆಪಮಾಡಿ ಏರಿಹೋದ. ಸೋತ ದೇವರಾಯ ತನ್ನ ಮಗಳನ್ನೇ ಅವನಿಗೆ ಧಾರೆಯೆರೆದು ಬಂಕಾಪುರವನ್ನು ಬಳುವಳಿ ಕೊಟ್ಟ. ಅಕ್ಕಸಾಲಿಗನ ಮಗಳನ್ನು ಫಿರೋಜ್‌ಶಹ ತನ್ನ ಮಗನಿಗೆ ತಂದುಕೊಂಡ.

ಒಬ್ಬಳು ಒಲ್ಲೆ ಎಂದಳು, ಅದು ದಾಖಲಾಯಿತು. ಅರಸನ ಮಗಳನ್ನು ಯಾರಾದರೂ ಕೇಳಿದರೇ? ಆ ಮಾತು ಪುಸ್ತಕದಲ್ಲಿಲ್ಲ. ಗೆದ್ದವರೂ ಸೋತವರೂ ಹೆಣ್ಣುಮಕ್ಕಳನ್ನು ಊರುಗಳ ಜೊತೆ ಲೆಕ್ಕಕ್ಕೆ ಹಿಡಿದರು.

ನಾರಾಯಣಪುರದಲ್ಲಿ 1982ರಲ್ಲಿ ಅಣೆಕಟ್ಟು ಮುಗಿದ ಮೇಲೆ ಹೊಳೆಯ ಏರಿಳಿತ ಬಾಗಿಲುಗಳ ಕೈಗೆ ಬಂದಿದೆ. 2019ರಲ್ಲಿ ಬಿಟ್ಟ ನೀರಿಗೆ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಮುಳುಗಿತ್ತು. ಆಚೆ ದಂಡೆಗೆ ಮಗಳನ್ನು ಕೊಟ್ಟ ತಾಯಂದಿರಿಗೆ, ತವರಿನ ಮುಖ ಕಾಣಲಾರೆನೆಂಬ ಮುದಗಲ್ಲಿನ ಹುಡುಗಿಯ ಅಂಜಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.