ಕೂದಲ ಬಣ್ಣದ ಕಥೆ: ಕಾರ್ತೇಜಿನಿಂದ ನಮ್ಮ ಮನೆಯ ಬಚ್ಚಲವರೆಗೆ



ಕಳೆದ ಮದುವೆ ಕಾಲದಲ್ಲಿ ನಮ್ಮ ಗುಂಪಿನ ಗೆಳತಿಯೊಬ್ಬಳು ಅಣ್ಣನ ರೋಸಿಗೆ ಮೂರು ದಿನ ಇರುವಾಗ ಮನೆಯಲ್ಲೇ ಕೂದಲಿನ ಕಪ್ಪು ತೆಗೆದು ಹೊಂಬಣ್ಣ ತರಿಸಲು ಹೊರಟಳು. ಪೆಟ್ಟಿಗೆಯಲ್ಲಿ ಬರೆದದ್ದಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ಬಣ್ಣ ಚೆನ್ನಾಗಿ ಏರುತ್ತದೆ ಎಂದು ಅವಳ ಲೆಕ್ಕ. ಬಂದದ್ದು ಕಿತ್ತಳೆ ಬಣ್ಣ. ಜೊತೆಗೆ ನೆತ್ತಿಯಲ್ಲಿ ಉರಿ, ಬಾಚಣಿಗೆಯ ತುಂಬ ತುಂಡು ಕೂದಲು. ರೋಸಿನ ದಿನ ತಲೆಗೆ ಶಾಲು ಹೊದ್ದು ಮೂಲೆಯಲ್ಲಿ ಕುಳಿತಿದ್ದವಳ ಹತ್ತಿರ ಬಂದ ವಾಳೆಯ ಹಿರಿಯರೊಬ್ಬರು, "ಕೂದಲಿನ ಬಗ್ಗೆ ಸ್ವಾಮಿ ಹೇಳಿದ್ದು ಮರೆತೆಯಾ ಮಗಾ?" ಎಂದು ಕೇಳಿದರು. ಅವಳು ಅತ್ತಳು. ನಮಗೂ ಏನು ಹೇಳಬೇಕೆಂದು ತೋಚಲಿಲ್ಲ.

ಅವರು ನೆನಪಿಸಿದ್ದು ಮತ್ತಾಯನ ಶುಭಸಂದೇಶದ 5ನೇ ಅಧ್ಯಾಯದ 36ನೇ ವಚನವನ್ನು. ಮನೆಗೆ ಬಂದು ಓದಿದೆವು. ಅಲ್ಲಿ ಯೇಸು ಮಾತಾಡುತ್ತಿರುವುದು ಆಣೆ ಪ್ರಮಾಣದ ಬಗ್ಗೆ. ಒಂದು ಕೂದಲಿನ ಬಣ್ಣವನ್ನೂ ಬದಲಿಸಲಾಗದ ನಾವು ತಲೆಯ ಮೇಲೆ ಆಣೆ ಇಡುವುದು ಯಾವ ಅಧಿಕಾರದಿಂದ ಎಂಬುದು ಅಲ್ಲಿನ ವಿಷಯ. ಹಾಗಾದರೆ ಈ ವಚನವನ್ನು ಕೂದಲ ಬಣ್ಣಕ್ಕೆ ಅನ್ವಯಿಸಿದವರು ಯಾರು? ಹುಡುಕುತ್ತಾ ಹೋದಾಗ ಸಿಕ್ಕಿದ ಚರಿತ್ರೆಯನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಕಾರ್ತೇಜಿನ ಕೋಪಿಷ್ಠ

ಸುಮಾರು ಕ್ರಿ.ಶ. 200ರಲ್ಲಿ ಉತ್ತರ ಆಫ್ರಿಕದ ಕಾರ್ತೇಜಿನಲ್ಲಿ, ಅಂದರೆ ಇಂದಿನ ಟುನೀಶಿಯದಲ್ಲಿ, ತೆರ್ತುಲ್ಲಿಯನ್ ಎಂಬ ಕ್ರೈಸ್ತ ಲೇಖಕನಿದ್ದ. ಸ್ತ್ರೀಯರ ಉಡುಗೆ ತೊಡುಗೆಯ ಬಗ್ಗೆ ಲ್ಯಾಟಿನಿನಲ್ಲಿ ಒಂದು ಪುಸ್ತಕ ಬರೆದ. ಕೇಸರಿ ಹಚ್ಚಿ ಕೂದಲನ್ನು ಹೊಂಬಣ್ಣ ಮಾಡಿಕೊಳ್ಳುವ ತನ್ನ ಊರಿನ ಕ್ರೈಸ್ತ ಹೆಂಗಸರನ್ನು ಅದರಲ್ಲಿ ಚೆನ್ನಾಗಿ ಬೈದಿದ್ದಾನೆ. ಅವನ ಆಕ್ಷೇಪ ಮೂರು. ಒಂದು, ಇವರು ಜರ್ಮನಿಯಲ್ಲೋ ಗಾಲಿನಲ್ಲೋ ಹುಟ್ಟಲಿಲ್ಲವೆಂದು ಸ್ವಂತ ನಾಡಿನ ಬಗ್ಗೆಯೇ ನಾಚುತ್ತಾರೆ. ಎರಡು, ಮತ್ತಾಯನ ಅದೇ ವಚನಕ್ಕೆ ಎದುರುತ್ತರ ಕೊಡುತ್ತಾರೆ. ಮೂರು, ಆ ಮದ್ದುಗಳು ಕೂದಲನ್ನು ಸುಡುತ್ತವೆ, ತಲೆಗೂ ಕೇಡು.

ತೆರ್ತುಲ್ಲಿಯನ್ ಕಠೋರ ಮನುಷ್ಯ. ಅದೇ ಪುಸ್ತಕದಲ್ಲಿ ಪಾಪದ ಹೊರೆಯನ್ನೆಲ್ಲ ಹೆಣ್ಣಿನ ತಲೆಗೇ ಕಟ್ಟಿದ್ದಾನೆ. ಅದನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಅವನ ಮೊದಲನೆಯ ಮತ್ತು ಮೂರನೆಯ ಮಾತು ನಮ್ಮನ್ನು ಬಿಡಲಿಲ್ಲ.

ಮೂರನೆಯದಕ್ಕೆ ರೋಮಿನಲ್ಲೇ ಹಳೆಯ ಸಾಕ್ಷಿಯಿದೆ. ಅವನಿಗಿಂತ ಸುಮಾರು ಇನ್ನೂರು ವರ್ಷ ಮೊದಲಿನ ಕವಿ ಓವಿಡ್, ಬಣ್ಣ ಹಚ್ಚಿ ಹಚ್ಚಿ ಕೂದಲು ಉದುರಿಸಿಕೊಂಡ ಪ್ರೇಯಸಿಯ ಮೇಲೆ ಇಡೀ ಒಂದು ಕವಿತೆ ಬರೆದಿದ್ದಾನೆ. ಇನ್ನು ಅವಳಿಗೆ ಜರ್ಮನಿಯ ಸೆರೆಯಾಳುಗಳ ಕೂದಲಿನ ಚವರಿಯೇ ಗತಿ ಎನ್ನುತ್ತಾನೆ. ಪ್ಲಿನಿ ಎಂಬ ಲೇಖಕ ಗಾಲಿನ ಜನರ ಒಂದು ಲೇಪದ ಬಗ್ಗೆ ಹೇಳುತ್ತಾನೆ. ಆಡಿನ ಕೊಬ್ಬು ಮತ್ತು ಮರದ ಬೂದಿ ಸೇರಿಸಿ ಮಾಡಿದ ಆ ಲೇಪವನ್ನು ಕೂದಲು ಕೆಂಪಾಗಿಸಲು ಬಳಸುತ್ತಿದ್ದರು. ಬೂದಿ ಕ್ಷಾರ. ಕ್ಷಾರ ತಾಗಿದರೆ ಕೂದಲಿನ ಮೇಲಿನ ಪದರ ಉಬ್ಬಿ ಬಾಯಿ ಬಿಡುತ್ತದೆ. ಇಂದಿನ ಪೆಟ್ಟಿಗೆಗಳಲ್ಲಿ ಅಮೋನಿಯ ಮಾಡುವ ಕೆಲಸವೂ ಅದೇ.

ವೆನಿಸಿನ ಮಾಳಿಗೆಗಳು

ಬೈಗುಳದಿಂದ ಆಸೆ ನಿಲ್ಲಲಿಲ್ಲ. ಹದಿನಾರನೆಯ ಶತಮಾನದ ವೆನಿಸ್ ಕ್ರೈಸ್ತ ನಗರ. ಅಲ್ಲಿನ ಹೆಂಗಸರು ಕೂದಲು ಹೊನ್ನಾಗಿಸುತ್ತಿದ್ದ ರೀತಿಯನ್ನು ಚಿತ್ರಕಾರ ಟಿಷಿಯನ್ನನ ಬಂಧು ಚೆಸಾರೆ ವೆಚೆಲ್ಲಿಯೊ 1590ರಲ್ಲಿ ಅಚ್ಚಾದ ತನ್ನ ಉಡುಪುಗಳ ಪುಸ್ತಕದಲ್ಲಿ ಚಿತ್ರಸಹಿತ ದಾಖಲಿಸಿದ್ದಾನೆ. ಮನೆಯ ಮಾಡಿನ ಮೇಲೆ ಮರದ ಅಟ್ಟಣಿಗೆ, ಹೆಸರು ಅಲ್ತಾನ. ನಡುಮಧ್ಯಾಹ್ನದ ಸುಡುಬಿಸಿಲಿಗೆ ಅಲ್ಲಿ ಕುಳಿತು, ಕೋಲಿನ ತುದಿಗೆ ಕಟ್ಟಿದ ಸ್ಪಂಜಿನಿಂದ ಮದ್ದಿನ ನೀರನ್ನು ಕೂದಲಿಗೆ ಹಚ್ಚುವುದು, ಒಣಗಿಸುವುದು, ಮತ್ತೆ ಹಚ್ಚುವುದು. ತಲೆಗೆ ಸೊಲಾನ ಎಂಬ ಒಣಹುಲ್ಲಿನ ಟೋಪಿ. ಅದಕ್ಕೆ ಅಗಲವಾದ ಅಂಚು ಇತ್ತು, ನೆತ್ತಿಯ ಭಾಗವೇ ಇರಲಿಲ್ಲ! ಕೂದಲನ್ನು ಅಂಚಿನ ಮೇಲೆ ಹರಡಿ ಬಿಸಿಲಿಗೆ ಒಡ್ಡಬೇಕು, ಮುಖ ಮಾತ್ರ ಕಪ್ಪಾಗಬಾರದು. ಕೂದಲೂ ಬಿಳುಪಾಗಬೇಕು, ಮುಖವೂ ಬಿಳುಪಾಗಿರಬೇಕು ಎಂಬ ಹಠ ನಮ್ಮ ಕಾಲದ್ದು ಮಾತ್ರವಲ್ಲ.

"ನಿರಪಾಯ" ಎಂಬ ಮಾತು

1818ರಲ್ಲಿ ಫ್ರಾನ್ಸಿನ ರಸಾಯನ ಶಾಸ್ತ್ರಜ್ಞ ಥೆನಾರ್ ಹೈಡ್ರೋಜನ್ ಪೆರಾಕ್ಸೈಡ್ ಕಂಡುಹಿಡಿದ. 1867ರ ಪ್ಯಾರಿಸ್ ಪ್ರದರ್ಶನದ ಹೊತ್ತಿಗೆ ಅದರ ಶೇ. 3ರ ದ್ರಾವಣವನ್ನು ಕೂದಲು ಬಿಳುಪಿಗೆ ತೋರಿಸಲಾಗುತ್ತಿತ್ತು. ವೆನಿಸಿನ ಬಿಸಿಲು ಈಗ ಬಾಟಲಿಗೆ ಇಳಿದಿತ್ತು. ಅದೇ ಶತಮಾನದಲ್ಲಿ ಕಲ್ಲಿದ್ದಲ ಟಾರಿನ ರಸಾಯನ ಶಾಸ್ತ್ರದಿಂದ ಪ್ಯಾರಾ ಫಿನೈಲೀನ್ ಡೈಯಮೀನ್, ಅಂದರೆ ಪಿ.ಪಿ.ಡಿ., ಬಂತು. ಇಂದಿಗೂ ಹೆಚ್ಚಿನ ಕಪ್ಪು ಮತ್ತು ಕಂದು ಡೈಗಳ ಆಧಾರ ಅದೇ.

1907ರಲ್ಲಿ ಯೂಜೀನ್ ಶುಲ್ಲರ್ ಎಂಬ ಯುವ ರಸಾಯನ ಶಾಸ್ತ್ರಜ್ಞ ಪ್ಯಾರಿಸಿನಲ್ಲಿ ಹೊಸ ಕೂದಲ ಬಣ್ಣ ತಯಾರಿಸಿದ. 1909ರಲ್ಲಿ ಕಂಪೆನಿ ಕಟ್ಟಿದ. ಮುಂದೆ ಲೋರಿಯಲ್ ಎಂದು ಹೆಸರಾದದ್ದು ಅದೇ. ಅದರ ಮೊದಲ ಹೆಸರಿನ ಅರ್ಥ 'ನಿರಪಾಯ ಕೂದಲ ಬಣ್ಣಗಳ ಫ್ರೆಂಚ್ ಸಂಘ'. ನಿರಪಾಯ ಎಂಬುದನ್ನು ಹೆಸರಿನಲ್ಲೇ ಸೇರಿಸಬೇಕಾಗಿತ್ತು ಎಂದರೆ ಜನರಿಗೆ ಬಣ್ಣದ ಭಯ ಎಷ್ಟಿತ್ತು ಎಂದು ತಿಳಿಯುತ್ತದೆ.

ಆ ಭಯ ಸುಳ್ಳೂ ಆಗಿರಲಿಲ್ಲ. 1930ರ ದಶಕದಲ್ಲಿ ಅಮೆರಿಕದಲ್ಲಿ ಲ್ಯಾಶ್ ಲೂರ್ ಎಂಬ ರೆಪ್ಪೆ, ಹುಬ್ಬಿನ ಬಣ್ಣ ಮಾರಾಟವಾಗುತ್ತಿತ್ತು. ಅದರಿಂದ ಹೆಂಗಸರ ಕಣ್ಣು ಹೋಯಿತು, ಜೀವಹಾನಿಯೂ ಆಯಿತು. ತಡೆಯಲು ಕಾನೂನೇ ಇರಲಿಲ್ಲ. 1938ರಲ್ಲಿ ಕಾನೂನು ಬಂದಾಗಲೂ ಟಾರಿನ ಕೂದಲ ಬಣ್ಣಗಳಿಗೆ ರಿಯಾಯಿತಿ ಸಿಕ್ಕಿತು. ಆದರೆ ಒಂದು ಷರತ್ತು ಬಿತ್ತು: ಚರ್ಮಕ್ಕೆ ತೊಂದರೆ ಆಗಬಹುದು, ಮೊದಲು ಪರೀಕ್ಷಿಸಿ ನೋಡಿ, ಕಣ್ಣಿನ ರೆಪ್ಪೆಗೂ ಹುಬ್ಬಿಗೂ ಹಚ್ಚಬೇಡಿ ಎಂದು ಅಚ್ಚು ಹಾಕಬೇಕು. ಇಂದು ಪೆಟ್ಟಿಗೆಯೊಳಗೆ ಸಿಗುವ, ನಾವು ಓದದೆ ಬಿಸಾಡುವ ಆ ಚೀಟಿಯ ಹಿಂದೆ ಕಣ್ಣು ಕಳೆದುಕೊಂಡವರ ಕಥೆಯಿದೆ.

1950ರಲ್ಲಿ ಅಮೆರಿಕದಲ್ಲಿ ಬಿಳುಪು, ಬಣ್ಣ ಎರಡನ್ನೂ ಒಂದೇ ಸಲ ಮಾಡುವ ಮಿಸ್ ಕ್ಲೈರಾಲ್ ಬಂತು. ಅಂಗಡಿಯ ಕೆಲಸ ಮನೆಯ ಬಚ್ಚಲಿಗೆ ಬಂತು.

ನಮ್ಮ ಹಿತ್ತಿಲಿನ ಮದರಂಗಿ

ನಮ್ಮ ಕಡೆ ಬಣ್ಣ ಬೇಕಾಗಿದ್ದದ್ದು ಕಪ್ಪನ್ನು ತೆಗೆಯಲು ಅಲ್ಲ, ನರೆ ಮುಚ್ಚಲು. ಮದರಂಗಿ ಹಚ್ಚಿ, ಅದರ ಮೇಲೆ ನೀಲಿ ಸೊಪ್ಪಿನ ಪುಡಿ ಹಚ್ಚಿದರೆ ನರೆ ಕಪ್ಪಾಗುತ್ತದೆ. ಬೈಬಲಿನ ಪರಮಗೀತೆಯಲ್ಲೂ ಮದರಂಗಿ ಹೂವಿದೆ. ನೀಲಿಗೆ ಯುರೋಪಿನಲ್ಲಿ ಇಂಡಿಗೊ ಎಂಬ ಹೆಸರು ಬಂದದ್ದೇ 'ಭಾರತದ್ದು' ಎಂಬ ಅರ್ಥದಿಂದ. ಮದರಂಗಿ ಕೂದಲಿಗೆ ಕೆಂಪನ್ನು ಅಂಟಿಸುತ್ತದೆ, ಒಳಗಿನ ಕಪ್ಪನ್ನು ಕದಲಿಸುವುದಿಲ್ಲ. ಹಾಗಾಗಿ ಕಪ್ಪು ಕೂದಲು ಅದರಿಂದ ಹೊನ್ನಾಗದು. ಬಿಸಿಲಿಗೆ ಹೋದಾಗ ತುಸು ಕೆಂಪು ಮಿಂಚಬಹುದು. ಕೂದಲು ಕೆಡದಿರಲಿ ಎನ್ನುವವರಿಗೆ ಅಷ್ಟು ಸಾಕು. 'ಕಪ್ಪು ಮದರಂಗಿ' ಎಂದು ಮಾರುವ ಪುಡಿ ಮಾತ್ರ ಬೇರೆ, ಅದರಲ್ಲಿ ಪಿ.ಪಿ.ಡಿ. ಇರುವುದುಂಟು.

ಚರಿತ್ರೆ ಕಲಿಸಿದ್ದು

ಬೂದಿಯಿಂದ ಪೆರಾಕ್ಸೈಡಿನವರೆಗೆ ಒಂದು ಮಾತು ಬದಲಾಗಿಲ್ಲ. ಕಪ್ಪು ತೆಗೆಯಬೇಕಾದರೆ ಕೂದಲಿನ ಪದರ ತೆರೆದು ಒಳಗಿನ ಮೆಲನಿನ್ ಒಡೆಯಬೇಕು. ಹಾನಿ ಇಲ್ಲದೆ ಅದು ಆಗದು. ಹಾನಿಯನ್ನು ಕಡಿಮೆ ಮಾಡಬಹುದು ಅಷ್ಟೆ. ಕಪ್ಪು ಕೂದಲು ಮೊದಲು ಕೆಂಪು, ಆಮೇಲೆ ಕಿತ್ತಳೆ, ಕೊನೆಗೆ ಹಳದಿ ಆಗುತ್ತದೆ. ನಮ್ಮ ಗೆಳತಿ ನಿಂತದ್ದು ಅರ್ಧ ದಾರಿಯಲ್ಲಿ.

ಆದರೂ ಮಾಡಿಯೇ ತೀರುತ್ತೇವೆ ಎನ್ನುವವರಿಗೆ ಇಷ್ಟು ಹೇಳುತ್ತೇವೆ:

- ಡೈಯನ್ನು ಕಿವಿಯ ಹಿಂದೆ ಚೂರು ಹಚ್ಚಿ 48 ಗಂಟೆ ಕಾಯಿರಿ. ತುರಿಕೆ, ಬಾವು ಬಂದರೆ ಅಲ್ಲಿಗೇ ಬಿಡಿ. ಹಿಂದೆ ಏನೂ ಆಗಿಲ್ಲ ಎಂದರೆ ಈಗಲೂ ಆಗದು ಎಂದಲ್ಲ.
- ಒಳಗಿನ ಒಂದೇ ಎಳೆಗೆ ಹಚ್ಚಿ ನೋಡಿ. ಮೊದಲು ಪೇಟೆಯ ಮದರಂಗಿ ಪುಡಿ ಹಚ್ಚಿದ್ದರೆ ಇದು ಕಡ್ಡಾಯ. ಕೆಲವು ಪುಡಿಗಳಲ್ಲಿ ಲೋಹದ ಲವಣ ಇರುತ್ತದೆ. ಪೆರಾಕ್ಸೈಡ್ ತಾಗಿದರೆ ಕೂದಲು ಬಿಸಿಯೇರಿ ಕಡಿಯುತ್ತದೆ.
- ಮನೆಯಲ್ಲಿ ಶೇ. 6ಕ್ಕಿಂತ ಗಟ್ಟಿ ಪೆರಾಕ್ಸೈಡ್ ಬೇಡ. ಬಾಟಲಿಯಲ್ಲಿ ಇದನ್ನು 20 ವಾಲ್ಯೂಮ್ ಎಂದು ಬರೆದಿರುತ್ತಾರೆ.
- ಗಡಿಯಾರ ಎದುರಿಗಿರಲಿ. ಚೀಟಿಯಲ್ಲಿ ಬರೆದ ಹೊತ್ತೇ ಕೊನೆ. ಹೆಚ್ಚು ಬಿಳುಪು ಬೇಕಿದ್ದರೆ ಕೆಲವು ವಾರ ಬಿಟ್ಟು ಮಾಡಿ.
- ಕೈಗವಸು ಹಾಕಿ, ಕಿಟಕಿ ತೆರೆದಿಡಿ. ಬ್ಲೀಚ್ ಪುಡಿ ಉಬ್ಬಸ ಇರುವವರಿಗೆ ಆಗದು. ಗಾಯವಿರುವ ನೆತ್ತಿಗೆ ಹಚ್ಚಲೇಬೇಡಿ.
- ಮುಂದೆ ಆರೈಕೆಗೆ ತೆಂಗಿನೆಣ್ಣೆ. ತಲೆ ತೊಳೆಯುವ ಮೊದಲು ಹಚ್ಚಿದರೆ ಅದು ಕೂದಲಿನ ಪ್ರೋಟೀನ್ ನಷ್ಟವನ್ನು ಕಡಿಮೆ ಮಾಡುತ್ತದೆ, ಬ್ಲೀಚ್ ಆದ ಕೂದಲಿಗೂ ಇದು ಅನ್ವಯಿಸುತ್ತದೆ ಎಂದು 2003ರಲ್ಲಿ ನಮ್ಮ ದೇಶದ ಸಂಶೋಧಕರೇ ಪ್ರಕಟಿಸಿದ್ದಾರೆ. ರೋಸಿನ ದಿನ ತೆಂಗಿನ ಹಾಲು, ಎಣ್ಣೆ ಹಚ್ಚುವ ನಮ್ಮ ಹಿರಿಯರಿಗೆ ಇದು ಹೊಸ ಸುದ್ದಿಯಲ್ಲ.

ಕೂದಲಿಗೆ ಬಣ್ಣ ಹಚ್ಚುವುದೇ ಪಾಪ ಎಂದು ನಾವು ಹೇಳುವುದಿಲ್ಲ. ಹಾಗೆಂದು ತೆರ್ತುಲ್ಲಿಯನ್ನನ ಮೊದಲ ಪ್ರಶ್ನೆಯನ್ನು ತಳ್ಳಿಹಾಕಲೂ ಮನಸ್ಸು ಬರುವುದಿಲ್ಲ. ಬಣ್ಣ ಬೇಕೆನಿಸಿದ್ದು ಖುಷಿಗೋ, ಅಥವಾ ನಮ್ಮ ಕಪ್ಪಿನ ಬಗ್ಗೆ ನಾಚಿಕೆಯಿಂದಲೋ? ಖುಷಿಗಾದರೆ ಜಾಗ್ರತೆಯಿಂದ ಮಾಡಬಹುದು. ನಾಚಿಕೆಯಿಂದಾದರೆ ಅದು ಯಾವ ಬಾಟಲಿಯಿಂದಲೂ ತೊಳೆದು ಹೋಗದು.

ನಮ್ಮ ತಲೆಯ ಕೂದಲೆಲ್ಲ ದೇವರ ಎಣಿಕೆಯಲ್ಲಿದೆ ಎಂದು ಅದೇ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಯೇಸು ಧೈರ್ಯ ಹೇಳುತ್ತಾರೆ. ರೋಸಿನ ದಿನ ಅಳುತ್ತಿದ್ದವಳಿಗೆ ಆ ವಚನವನ್ನು ಹೇಳಬಹುದಿತ್ತು. ಅದು ನಮಗೆ ತಡವಾಗಿ ಹೊಳೆಯಿತು. ಈಗ ಅವಳ ಹೊಸ ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಬರುತ್ತಿದೆ. ಕಪ್ಪಾಗಿಯೇ ಬರುತ್ತಿದೆ. ಕಳೆದ ಆದಿತ್ಯವಾರ ಪೂಜೆಗೆ ಶಾಲು ಇಲ್ಲದೆ ಬಂದಿದ್ದಳು.